ಯುದ್ಧದ ಟೈಮಲ್ಲಿ ದೊಡ್ಡವರು ಮಿಲಿಟರಿ ಆಸ್ಪತ್ರೆಗೆ ಹೋದ್ರೆ ಮಲಗಿರೋ ಸೈನಿಕನಿಗೆ ಏನು ಸಿಗುತ್ತೆ?

ರಾತ್ರಿಓದು:
ಎಲ್ರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಪೆಸಿಫಿಕ್ ಕಡೆ ನಡೆದಿದ್ದನ್ನ ಓದ್ತಾ ಇದೀನಿ, ಒಂದು ವಿಷಯ ತಲೇಲಿ ಕೊರೀತಿದೆ. 1943ರ ಆಗಸ್ಟ್‌ನಲ್ಲಿ ಅಮೆರಿಕ ಅಧ್ಯಕ್ಷರ ಹೆಂಡತಿ ಎಲಿನೋರ್ ರೂಸ್‌ವೆಲ್ಟ್ ದಕ್ಷಿಣ ಪೆಸಿಫಿಕ್‌ಗೆ ಹೊರಟ್ರಂತೆ, ಸುಮಾರು ಐದು ವಾರ, 17 ದ್ವೀಪ, ಜೊತೆಗೆ ನ್ಯೂಜಿಲೆಂಡು, ಆಸ್ಟ್ರೇಲಿಯಾ, ಒಟ್ಟು 25,000 ಮೈಲಿಯಷ್ಟು ಪ್ರಯಾಣ. ಅಲ್ಲಿನ ಕಮಾಂಡರ್ ಅಡ್ಮಿರಲ್ ಹಾಲ್ಸಿಗೆ ಅವರು ಬರೋದೇ ಬೇಡವಾಗಿತ್ತು. ಗ್ವಾಡಲ್‌ಕನಾಲ್ ಅನ್ನೋ ದ್ವೀಪಕ್ಕೆ ಹೋಗ್ಬೇಕು ಅಂತ ಕೇಳಿದಾಗ, ನಿಮ್ಮ ಕಾವಲಿಗೆ ಫೈಟರ್ ವಿಮಾನ ಕಳಿಸ್ಬೇಕಾಗುತ್ತೆ, ಇರೋದೆಲ್ಲ ಕದನ ನಡೀತಿರೋ ನ್ಯೂ ಜಾರ್ಜಿಯಾ ದ್ವೀಪದಲ್ಲಿ ಬೇಕು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ಬಿಟ್ರಂತೆ.

ನಂಗೆ ಹಾಲ್ಸಿ ಮಾತೇ ಸರಿ ಅನ್ಸ್ತು ಓದ್ತಾ ಓದ್ತಾ. ಯುದ್ಧ ನಡೀತಿರೋವಾಗ ಒಬ್ರು ವಿಐಪಿ ಬಂದ್ರೆ ವಿಮಾನ, ಕಾರು, ಆಫೀಸರ್ ಟೈಮು ಎಲ್ಲಾ ಅವರ ಹಿಂದೆ ಹೋಗುತ್ತೆ, ಆದ್ರೆ ಕಾಲು ಕಳ್ಕೊಂಡು ಮಲಗಿರೋ ಹುಡುಗನಿಗೆ ಅದ್ರಿಂದ ನಿಜವಾಗ್ಲೂ ಏನು ಬಂತು? ಗೊತ್ತಿರೋರು ಹೇಳಿ, ಪ್ರಾಮಾಣಿಕವಾಗಿ ಕೇಳ್ತಿದೀನಿ.

ಹಳೇನಕ್ಷೆ:
ಒಳ್ಳೆ ಪ್ರಶ್ನೆ, ಆದ್ರೆ ನೀವು ಅರ್ಧಕ್ಕೇ ನಿಲ್ಲಿಸಿದೀರ, ಹಾಲ್ಸಿ ಆಮೇಲೆ ಏನಂದ್ರು ಅನ್ನೋದೇ ಇದ್ರಲ್ಲಿ ಮುಖ್ಯ. ಹಾಲ್ಸಿ ಕಚೇರಿ ಇದ್ದ ನೂಮೆಯಾ ಊರಲ್ಲಿ ಒಂದೇ ದಿನ ಹನ್ನೆರಡು ಗಂಟೆಲಿ ಆಯಮ್ಮ ಏನೇನು ಮಾಡಿದ್ರು ಅಂತ ಹಾಲ್ಸಿನೇ ಬರೆದಿಟ್ಟಿದಾರೆ. ಎರಡು ನೌಕಾಪಡೆ ಆಸ್ಪತ್ರೆ ನೋಡಿದ್ರು, ದೋಣಿಲಿ ಆಫೀಸರ್‌ಗಳ ವಿಶ್ರಾಂತಿ ಮನೆಗೆ ಹೋಗಿ ಬಂದ್ರು, ವಾಪಸ್ ಬಂದು ಸೇನೆ ಆಸ್ಪತ್ರೆ ನೋಡಿದ್ರು, ಮರೀನ್ ರೇಡರ್ ಅನ್ನೋ ದಾಳಿ ಪಡೆಯ ಬೆಟಾಲಿಯನ್ ನೋಡಿದ್ರು, ಅದಾದ್ಮೇಲೂ ಭಾಷಣ, ಊಟ ಅಂತ ಕಾರ್ಯಕ್ರಮ ಇತ್ತು. ಆಸ್ಪತ್ರೆ ನೋಡಿದ್ರು ಅಂದ್ರೆ ಮುಖ್ಯ ಡಾಕ್ಟರ್ ಕೈ ಕುಲುಕಿ ಕಾರು ಹತ್ತಿದ್ದಲ್ಲ, ಪ್ರತಿ ವಾರ್ಡಿಗೂ ಹೋಗಿ ಪ್ರತಿ ಹಾಸಿಗೆ ಹತ್ರ ನಿಂತು ಪ್ರತಿಯೊಬ್ಬನ ಜೊತೆ ಮಾತಾಡಿದ್ರು ಅಂತ ಹಾಲ್ಸಿ ಒತ್ತಿ ಹೇಳ್ತಾರೆ. ನೋಡೋಕೆ ಆಗದ ಹಾಗೆ ಗಾಯ ಆದವರಿದ್ರು, ಅವರ ಮೇಲೆ ಈಕೆ ಬಗ್ಗಿದಾಗ ಆ ಹುಡುಗರ ಮುಖ ಹೇಗಾಯ್ತು ಅನ್ನೋದನ್ನ ಮರೆಯೋಕೇ ಆಗಲ್ಲ ಅಂತಾನೂ ಬರೆದಿದಾರೆ. ಮೊದಲು ಸಿಡುಕಿದ್ದಕ್ಕೆ ನಾಚಿಕೆ ಆಯ್ತು ಅಂತ ಒಪ್ಕೊಂಡ್ರು, ಗ್ವಾಡಲ್‌ಕನಾಲ್‌ಗೂ ಕಳಿಸಿಕೊಟ್ರು.

ಆಗ ಆಕೆಗೆ 58 ವರ್ಷ ಕಣ್ರೀ. ರೆಡ್ ಕ್ರಾಸ್ ಯೂನಿಫಾರ್ಮ್ ಹಾಕ್ಕೊಂಡು, ಕಡಿಮೆ ಲಗೇಜು, ಜೊತೆಗೊಂದು ಟೈಪ್‌ರೈಟರು, ಯಾಕಂದ್ರೆ ಪೇಪರಿಗೆ ಬರೀತಿದ್ದ ದಿನದ ಅಂಕಣ ಪ್ರವಾಸದಲ್ಲೂ ನಿಲ್ಲಿಸ್ಲಿಲ್ಲ. ಹೋಗಿದ್ದು ಮಿಲಿಟರಿ ವಿಮಾನದಲ್ಲಿ, ಆರಾಮ ಅನ್ನೋದು ಅದ್ರಲ್ಲಿ ಏನೂ ಇರ್ಲಿಲ್ಲ. ವಾಪಸ್ ಬರೋಷ್ಟ್ರಲ್ಲಿ ತೂಕ ಚೆನ್ನಾಗೇ ಇಳಿದಿತ್ತು.

ಇನ್ನೊಂದು, ಅಲ್ಲಿನ ಆಸ್ಪತ್ರೆಗಳಲ್ಲಿ ಇದ್ದೋರೆಲ್ಲ ಗುಂಡೇಟು ತಿಂದವರು ಅಂದ್ಕೋಬೇಡಿ. ಆ ದ್ವೀಪಗಳಲ್ಲಿ ಮಲೇರಿಯಾ ಗುಂಡಿಗಿಂತ ಜಾಸ್ತಿ ಜನರನ್ನ ಮಲಗಿಸ್ತು, ಅದಕ್ಕೆ ತಗೋತಿದ್ದ ಆಟಬ್ರಿನ್ ಮಾತ್ರೆಯಿಂದ ಮೈ ಬಣ್ಣಾನೇ ಹಳದಿ ಆಗೋದು. ಗಾಯ ಆದವನಿಗಾದ್ರೂ ಪದಕ ಬರುತ್ತೆ, ಜ್ವರ ಬಂದು ನಡುಗ್ತಾ ಮಲಗಿರೋನ ಹತ್ರ ಯಾರು ಹೋಗ್ತಾರೆ? ಪ್ರತಿ ಹಾಸಿಗೆಗೂ ನಿಂತ್ರು ಅನ್ನೋ ಮಾತಿಗೆ ನಾನು ಬೆಲೆ ಕೊಡೋದು ಇದಕ್ಕೇ.

ಬಿಳಿಕೋಟು:
ನಾನು ಮಿಲಿಟರಿ ಆಸ್ಪತ್ರೇಲಿ ನರ್ಸ್ ಆಗಿ ಕೆಲ್ಸ ಮಾಡಿದವಳು, ಯಾವ ಆಸ್ಪತ್ರೆ ಅಂತ ಹೇಳಲ್ಲ. ಪ್ರಶ್ನೆ ಕೇಳಿದವರ ಸಿಟ್ಟು ನಂಗೆ ಅರ್ಥ ಆಗುತ್ತೆ. ಹನ್ನೊಂದಕ್ಕೆ ಬರ್ತಾರೆ ಅಂದ್ರೆ ನಾಲ್ಕು ಗಂಟೆಯಿಂದ್ಲೇ ಫಿನಾಯಿಲ್ ವಾಸನೆ, ಬೆಡ್‌ಶೀಟ್ ಸುಕ್ಕಾಗ್ಬಾರ್ದು ಅಂತ ಹುಡುಗರಿಗೆ ಮಗ್ಗುಲು ಹೊರಳೋಕೂ ಬಿಡ್ತಿರ್ಲಿಲ್ಲ, ಒಂದ್ಸಲ ಸುಟ್ಟ ಗಾಯದ ಪೇಶೆಂಟ್ ಒಬ್ಬನ ಡ್ರೆಸಿಂಗ್ ಟೈಮು ದಾಟಿ ಎರಡು ಗಂಟೆ ಆದ್ರೂ ಬದಲಾಯಿಸೋಕೆ ಬಿಡ್ಲಿಲ್ಲ, ಅವನು ಹಲ್ಲು ಕಚ್ಕೊಂಡು ಮಲಗಿದ್ದ. ಬಂದೋರು ಬಾಗಿಲ ಹತ್ರ ಎರಡು ಹಾಸಿಗೆ ನೋಡಿ ಹೊರಟು ಹೋದ್ರು. ಅವತ್ತಿನ ಸಂಕಟ ಇವತ್ತಿಗೂ ನನ್ನ ಹೊಟ್ಟೇಲಿ ಹಾಗೇ ಇದೆ.

ಆದ್ರೆ ಇನ್ನೊಂದೂ ನೋಡಿದೀನಿ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ. ಬಂದ ಹಿರಿಯರು ತಮ್ಮ ಹೆಸ್ರು ಹೇಳಿದ ತಕ್ಷಣ ಇವನು ಎದ್ದು ಕೂರೋಕೆ ನೋಡಿದ, ಅವರು ಭುಜ ಒತ್ತಿ ಮಲಗಿಸಿ ಸ್ಟೂಲ್ ಎಳ್ಕೊಂಡು ಪಕ್ಕದಲ್ಲಿ ಕೂತ್ರು. ಏನಪ್ಪಾ ಬೇಕು ಅಂದ್ರೆ ಇವನು ದಿಂಬಿನ ಕೆಳಗೆ ಕೈ ಹಾಕಿ ತಡಕಾಡಿ ಮೂರು ಕಾಗದ ತೆಗೆದ. ಮನೆಯಿಂದ ಬಂದಿದ್ದು, ಒಡೆದೇ ಇರ್ಲಿಲ್ಲ. ನಮಗೆ ಯಾರಿಗೂ ಗೊತ್ತೇ ಇರ್ಲಿಲ್ಲ ಅವನ ಹತ್ರ ಕಾಗದ ಇದೆ ಅಂತ, ಸಿಸ್ಟರ್‌ಗಳಿಗೆ ಕೆಲ್ಸ ಜಾಸ್ತಿ ಅಂತ ಕೇಳೋಕೆ ಸಂಕೋಚ ಪಟ್ಕೊಂಡಿದ್ದ. ಅವರು ಅಲ್ಲೇ ಕೂತು ಮೂರನ್ನೂ ಓದಿ ಹೇಳಿದ್ರು, ಹಿಂದೆ ನಿಂತಿದ್ದವರು ಗಡಿಯಾರ ನೋಡ್ತಾನೇ ಇದ್ರು. ಮಾರನೇ ದಿನದಿಂದ ಕಾಗದ ಓದೋಕೆ, ಬರ್ಕೊಡೋಕೆ ಅಂತ ವಾರ್ಡಿಗೆ ಒಬ್ಬರನ್ನ ಹಾಕಿದ್ರು.

ಮರಳುದಿಬ್ಬ:
@ಬಿಳಿಕೋಟು ಓದಿ ಗಂಟಲು ಕಟ್ತು.

ನಂದೊಂದು ಸೇರಿಸ್ತೀನಿ, ಬೇರೆ ಯುದ್ಧದ್ದು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಗಾಯಗೊಂಡ ನಮ್ಮ ಭಾರತೀಯ ಸಿಪಾಯಿಗಳನ್ನ ಇಂಗ್ಲೆಂಡಿನ ಬ್ರೈಟನ್‌ಗೆ ಕರ್ಕೊಂಡು ಹೋಗಿ ರಾಯಲ್ ಪೆವಿಲಿಯನ್ ಅನ್ನೋ ಹಳೇ ಅರಮನೇಲಿ ಇಟ್ಟಿದ್ರು, ಪಕ್ಕದ ಡೋಮ್ ಕಟ್ಟಡದಲ್ಲೂ ಸಾಲು ಸಾಲು ಮಂಚ. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ, ಅಡುಗೆಮನೆ ಒಂಬತ್ತು. 1915ರ ಜನವರೀಲಿ ಐದನೇ ಜಾರ್ಜ್ ರಾಜ, ಮೇರಿ ರಾಣಿ ಇಬ್ರೂ ಅಲ್ಲಿಗೆ ಬಂದ್ರು. ಅದ್ರ ಫೋಟೋ ಪ್ರಚಾರಕ್ಕೆ ಧಾರಾಳವಾಗಿ ಬಳಕೆ ಆಯ್ತು, ಸುಳ್ಳು ಹೇಳಿ ಪ್ರಯೋಜನ ಇಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ರಾಜ ಮತ್ತೆ ಬಂದು ಜಮಾದಾರ್ ಮೀರ್ ದಾಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ಕೊಟ್ರು. ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಅನ್ನೋ ಊರಿನ ಹತ್ರ ವಿಷಾನಿಲ ಕುಡಿದಿದ್ದ ಮನುಷ್ಯ ಅವನು. ಪದಕ ತಗೊಂಡು ಸುಮ್ನೆ ಸಲ್ಯೂಟ್ ಹೊಡೆದು ಹೋಗ್ಲಿಲ್ಲ, ಒಂದ್ಸಲ ಗಾಯ ಆದವರನ್ನ ಮತ್ತೆ ಕಂದಕಕ್ಕೆ ಕಳಿಸ್ಬೇಡಿ ಅಂತ ರಾಜನಿಗೇ ಬೇಡಿಕೆ ಇಟ್ಟ. ಅದೂ ಸೇನೇಲಿ, ಅದೂ ಆ ಕಾಲದಲ್ಲಿ. ಆ ಭೇಟಿ ನಡೀದೇ ಇದ್ದಿದ್ರೆ ಆ ಮಾತು ಅಷ್ಟು ಮೇಲಿನವರ ಕಿವಿಗೆ ನೇರವಾಗಿ ಬೀಳ್ತಾನೇ ಇರ್ಲಿಲ್ಲ. ಆಮೇಲೆ ಊರಿಗೆ ಬರೆದ ಕಾಗದದಲ್ಲಿ ಅವನು ಹೇಳ್ಕೊಂಡಿದ್ದು ಗ್ಯಾಸ್ ಕೊಡ್ತಿರೋ ನೋವಿನ ಬಗ್ಗೆ.

ರಾತ್ರಿಓದು:
ಎಲ್ರಿಗೂ ಥ್ಯಾಂಕ್ಸ್, ನಾನು ಯೋಚ್ನೆ ಮಾಡ್ತಿದ್ದ ರೀತೀನೇ ಬದಲಾಯ್ತು. ನಾನು ವಿಮಾನದ ಲೆಕ್ಕ ಹಾಕ್ತಾ ಕೂತಿದ್ದೆ. @ಹಳೇನಕ್ಷೆ, ಎಲಿನೋರ್ ಭೇಟಿಯಿಂದ ಆ ಕಾಗದ ಓದೋ ಥರ ಕೈಗೆ ಸಿಗೋ ಕೆಲ್ಸ ಏನಾದ್ರೂ ಆಯ್ತಾ?

ಹಳೇನಕ್ಷೆ:
ಆಯ್ತು. ಸೈನಿಕರ ಹೆಸ್ರು, ಮನೆ ವಿಳಾಸ ಬರ್ಕೊಂಡು ಬಂದು ಅವರ ಮನೆಯವರಿಗೆ ನಿಮ್ಮ ಮಗನ್ನ ನೋಡ್ದೆ ಅಂತ ಸುದ್ದಿ ಮುಟ್ಟಿಸಿದ್ರು. ಕಾಗದ ಬರೋಕೇ ವಾರಗಟ್ಟಲೆ ಆಗ್ತಿದ್ದ ಕಾಲ ಅದು, ಒಬ್ಬ ತಾಯಿಗೆ ಅದು ಏನಾಗಿರ್ಬೇಕು ನೀವೇ ಯೋಚ್ನೆ ಮಾಡಿ. ಇದಕ್ಕೂ ಹಿಂದಿನ ವರ್ಷ, 1942ರಲ್ಲಿ ಬ್ರಿಟನ್‌ಗೆ ಹೋದಾಗ ಸೈನಿಕರು ತೆಳು ಹತ್ತಿ ಕಾಲ್ಚೀಲದಲ್ಲೇ ನಡೆದು ನಡೆದು ಕಾಲೆಲ್ಲ ಬೊಬ್ಬೆ ಮಾಡ್ಕೊಂಡಿದ್ರು, ಅದನ್ನ ಕೇಳಿ ತಿಳ್ಕೊಂಡು ಉಣ್ಣೆ ಕಾಲ್ಚೀಲದ ವಿಷಯ ಅಲ್ಲಿನ ಅಮೆರಿಕ ಸೇನೆಯ ಕಮಾಂಡರ್ ಐಸೆನ್‌ಹೋವರ್ ತನಕ ತಗೊಂಡು ಹೋದ್ರು. ಅಮೆರಿಕದಲ್ಲಿ ಈ ಓಡಾಟದ ಬಗ್ಗೆ ಟೀಕೆ ಬೇಕಾದಷ್ಟು ಬಂತು, ದುಡ್ಡು ದಂಡ ಅಂದ್ರು. ಆಕೆಯ ನಾಲ್ಕೂ ಗಂಡುಮಕ್ಕಳು ಆಗ ಸೇನೇಲೇ ಇದ್ರು, ಅದನ್ನೂ ಮರೀಬಾರ್ದು.

ಕೊನೇಗೆ ಗ್ವಾಡಲ್‌ಕನಾಲ್‌ಗೂ ಹೋದ್ರಲ್ಲ, ಅಲ್ಲಿ ಆಸ್ಪತ್ರೆಗಳ ಜೊತೆ ಸ್ಮಶಾನಕ್ಕೂ ಹೋದ್ರು. ಎಷ್ಟೋ ಸಮಾಧಿ ಮೇಲೆ ಸತ್ತವನ ಊಟದ ತಟ್ಟೆ ಮೊಳೆ ಹೊಡೆದು ಸಿಕ್ಕಿಸಿದ್ರು, ಅದ್ರ ಮೇಲೆ ಸ್ನೇಹಿತರು ಒಂದೊಂದು ಮಾತು ಕೆತ್ತಿದ್ರು. ಆಸ್ಪತ್ರೇಲಿ ಹಾಸಿಗೆ ಹತ್ರ ನಿಂತ ಹಾಗೇ ಇಲ್ಲೂ ನಿಂತು ಅವನ್ನ ಓದಿದ್ರು.