ಕ್ಯಾರವಾನ್‌ಗೆ ಯಾವ ಇನ್ಶೂರೆನ್ಸ್ ಮಾಡಿಸಲಿ? ಅನುಭವ ಇರೋರು ದಯವಿಟ್ಟು ಹೇಳಿ

ವಿಜಯನಗರ ವ್ಯಾನ್:
2019ರ ಟ್ರಾವೆಲರ್ ವ್ಯಾನ್ ಸೆಕೆಂಡ್ ಹ್ಯಾಂಡ್ ತಗೊಂಡು ಪೀಣ್ಯದಲ್ಲಿ ಕ್ಯಾರವಾನ್ ಮಾಡಿಸಿದೀನಿ. ವೈಟ್ ಬೋರ್ಡ್. ಎರಡು ಮಂಚ, ಒಲೆ, ಫ್ರಿಜ್, ಮೇಲೆ ಸೋಲಾರ್. ಒಳಗಿನ ಕೆಲಸಕ್ಕೇ 6 ಲಕ್ಷ ಆಯ್ತು. ಬರೋ ತಿಂಗಳು 9ಕ್ಕೆ ಪಾಲಿಸಿ ಮುಗಿಯುತ್ತೆ. ಏಜೆಂಟು "ಹಳೇದನ್ನೇ ರಿನ್ಯೂ ಮಾಡ್ಸಿ, ಒಳಗೆ ಯಾರು ಬಂದು ನೋಡ್ತಾರೆ" ಅಂತಾರೆ. ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋ ಗಾಡಿ, ಅದಕ್ಕೇ ಭಯ.

ಕೆಂಗೇರಿ ಅಲೆಮಾರಿ:
ನನಗೂ ಇದೇ ಮಾತು ಹೇಳಿದ್ರು. ಬಂದು ನೋಡಿದ್ರು ಸಾರ್. ಚನ್ನರಾಯಪಟ್ಟಣ ಬೈಪಾಸಲ್ಲಿ ಲಾರಿ ಹಿಂದಿನಿಂದ ಗುದ್ದಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಪಕ್ಕದ ಬಾಗಿಲು ಎಳೆದು ಟಾರ್ಚ್ ಬಿಟ್ಟ. ಹಾಸಿಗೆ ಮೇಲೆಲ್ಲ ಗಾಜಿನ ಚೂರು, ಮಂಚದ ಕೆಳಗೆ ಉರುಳಿಹೋಗಿದ್ದ ಕುಕ್ಕರ್. ಆರ್‌ಸಿ ಕೈಯಲ್ಲಿ ಹಿಡ್ಕೊಂಡು ಕೇಳಿದ್ದು ಒಂದೇ ಮಾತು: "ಇದರಲ್ಲಿ 12 ಸೀಟು ಅಂತಿದೆ, ಸೀಟೆಲ್ಲಿ?" ಅಲ್ಲಿಗೆ ಮುಗೀತು. ಕ್ಲೇಮ್ ರಿಜೆಕ್ಟ್.
ಲೆಕ್ಕ ಕೇಳಿ. ಬಾಡಿ ಕೆಲಸ 3,42,600. ಬೆಂಗಳೂರಿಗೆ ಎಳ್ಕೊಂಡು ಬರೋಕೆ 11,500. ಕ್ಲೇಮ್ ಇತ್ಯರ್ಥ ಆಗೋ ತನಕ ಗ್ಯಾರೇಜಲ್ಲಿ ನಿಲ್ಲಿಸಿದ್ದಕ್ಕೆ ದಿನಕ್ಕೆ 200ರಂತೆ 74 ದಿನ, 14,800. ಸೋಲಾರ್ ಪ್ಯಾನೆಲ್ 28,000 ಬೇರೆ. ಆರು ವರ್ಷ ಪ್ರೀಮಿಯಂ ಒಂದು ದಿನವೂ ತಪ್ಪಿಸಿರಲಿಲ್ಲ.

ಜಯನಗರ ಜೋಡಿ:
ಆರ್‌ಸಿ ಬದಲಾಯಿಸದೆ ಗಾಡಿ ಬದಲಾಯಿಸಿದ್ರೆ ಅವರಾದ್ರೂ ಏನ್ಮಾಡ್ತಾರೆ? ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇರೋದೇ ಇದಕ್ಕೆ. ಕ್ಯಾರವಾನ್‌ಗೆ ಎಐಎಸ್-124 ಅಂತ ಮಾನದಂಡ ಇದೆ. ನಾವು ಮೊದಲು ಆ ಅನುಮೋದನೆ ಇರೋ ಬಾಡಿ ಬಿಲ್ಡರನ್ನ ಹುಡುಕಿದ್ವಿ, ಆಮೇಲೆ ಗಾಡಿ ಬುಕ್ ಮಾಡಿದ್ವಿ. ನಾಲ್ಕು ತಿಂಗಳು ಹಿಡೀತು. ನಮ್ಮನೆಯವರು ಆರ್‌ಟಿಒಗೆ ಒಂಬತ್ತು ಸಲ ಹೋಗಿದಾರೆ, ಪ್ರತಿ ಸಲ ಅರ್ಧ ದಿನ ರಜೆ ಹಾಕಿ. ಈಗ ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್ ಅಂತಲೇ ಇದೆ.
ಇನ್ಶೂರೆನ್ಸ್‌ಗೆ ಒಂದೊಂದು ಸಾಮಾನಿಗೂ ಜಿಎಸ್‌ಟಿ ಬಿಲ್ ಕೊಟ್ಟು ಪಾಲಿಸಿಯಲ್ಲಿ ಬರೆಸಿದೀವಿ. ಫ್ರಿಜ್, ಇನ್ವರ್ಟರ್, ಸೋಲಾರ್ ಎಲೆಕ್ಟ್ರಿಕಲ್, 2,60,000. ಅದರ ಮೇಲೆ ನೂರಕ್ಕೆ 4, ಅಂದ್ರೆ 10,400 ಜಾಸ್ತಿ. ಮಂಚ, ಬೀರು, ಸಿಂಕ್ ಬೇರೆ ಪಟ್ಟಿ. ಕೊಟ್ಟಿದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ.

ಕೆಂಗೇರಿ ಅಲೆಮಾರಿ:
ಮೇಡಂ, ಎಲ್ಲರ ಹತ್ರ ಹೊಸ ಗಾಡಿಗೆ ದುಡ್ಡಿರಲ್ಲ. ನಾನು ಪಿಎಫ್ ತೆಗೆದು ಮಾಡಿಸಿದ ಗಾಡಿ ಅದು.

ಸರ್ಜಾಪುರ ರಸ್ತೆ:
ಆರ್‌ಸಿ ಸರಿ ಇದ್ರೂ ನಂದು ಹೋಯ್ತು. 2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ಲ, ಟ್ರ್ಯಾಕ್ಟರಲ್ಲಿ ಜನ ಆಫೀಸಿಗೆ ಹೋಗಿದ್ದು? ರಾತ್ರಿ ನೀರು ನುಗ್ಗಿ ಬೆಳಗ್ಗೆಗೆ ಬಾನೆಟ್ ತನಕ ಬಂದಿತ್ತು. ನೀರು ಇಳಿದ ಮೇಲೆ ಸ್ಟಾರ್ಟ್ ಮಾಡಿದೆ. ಒಂದು ಸಲ ಕಟ್ ಅಂತ ಸದ್ದು, ಅಷ್ಟೇ. ಸಿಲಿಂಡರಿಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಾಗಿದೆ ಅಂದ್ರು. ಇಂಜಿನ್ ಕೆಲಸ 2,85,000. ಎಂಜಿನ್ ಪ್ರೊಟೆಕ್ಟ್ ಅಂತ ಪಾಲಿಸಿ ಜೊತೆ ಬೇರೆ ದುಡ್ಡು ಕೊಟ್ಟು ಹಾಕಿಸೋ ಕವರ್ ಹಾಕಿಸಿರಲಿಲ್ಲ, ಅದಕ್ಕೆ ಒಂದು ಪೈಸೆ ಬರಲಿಲ್ಲ. ಮಿಕ್ಕಿದ್ದಕ್ಕೆ ಬಂದ್ರೂ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಅರ್ಧ ಕಟ್, ಫೈಬರಿಗೆ ನೂರಕ್ಕೆ 30 ಕಟ್. ಒಳಗಿದ್ದ ಸ್ಟವ್, ಪಾತ್ರೆ, ಹಾಸಿಗೆ, ಅಮ್ಮನ ಬಿಪಿ ಮಿಷನ್ ಗಾಡಿ ಪಾಲಿಸಿಗೆ ಸೇರೋದೇ ಇಲ್ಲ. ಬೆಂಗಳೂರಲ್ಲಿ ಇರೋರು ಬೇರೆ ಏನು ಬಿಟ್ರೂ ಎಂಜಿನ್ ಪ್ರೊಟೆಕ್ಟ್ ಬಿಡಬೇಡಿ.

ಹಳದಿ ಬೋರ್ಡ್ ಗೌಡ:
ನೀರು ನಿಂತ ಗಾಡೀನ ಸ್ಟಾರ್ಟ್ ಮಾಡಬಾರದು ಅಂತ ನಮ್ಮ ಕ್ಲೀನರ್ ಹುಡುಗನಿಗೂ ಗೊತ್ತು.

ಸರ್ಜಾಪುರ ರಸ್ತೆ:
ಗೌಡ್ರೇ, ಅವತ್ತು ಅಪ್ಪನಿಗೆ ಡಯಾಲಿಸಿಸ್ ದಿನ. ಕಾರು ಆಗಲೇ ಮುಳುಗಿತ್ತು. ಮನೇಲಿ ಉಳಿದಿದ್ದ ಎತ್ತರದ ಗಾಡಿ ಅದೊಂದೇ. ಗೊತ್ತಿಲ್ಲದೆ ಮಾತಾಡಬೇಡಿ.

ಹಳದಿ ಬೋರ್ಡ್ ಗೌಡ:
ತಪ್ಪಾಯ್ತು ಸಾರ್, ಕ್ಷಮಿಸಿ. ಆದ್ರೆ ನನ್ನ ಹೊಟ್ಟೆಉರಿ ಬೇರೆ ಇದೆ. ವೈಟ್ ಬೋರ್ಡ್ ಕ್ಯಾರವಾನ್ ಇಟ್ಕೊಂಡು ಶನಿವಾರ ಭಾನುವಾರ ಸಕಲೇಶಪುರಕ್ಕೆ ಬಾಡಿಗೆಗೆ ಬಿಡ್ತಾರಲ್ಲ, ಅವರು ನಮ್ಮ ಅನ್ನಕ್ಕೆ ಕೈ ಹಾಕ್ತಿದಾರೆ. ನಾನು ಟ್ಯಾಕ್ಸು, ಪರ್ಮಿಟ್ಟು, ಎಫ್‌ಸಿ ಎಲ್ಲ ಕಟ್ಟಿ ಓಡಿಸ್ತೀನಿ. ಪ್ರೈವೇಟ್ ಪಾಲಿಸೀಲಿ ಬಾಡಿಗೆ ಓಡಿಸೋ ಹಾಗಿಲ್ಲ ಅಂತ ಬರೆದೇ ಇರುತ್ತೆ. ಆಕ್ಸಿಡೆಂಟ್ ಆದಾಗ ಫ್ರೆಂಡ್ ಅಂತ ಹೇಳಿ ಅಂತಾರೆ, ಯುಪಿಐ ರೆಕಾರ್ಡ್ ಸುಳ್ಳು ಹೇಳುತ್ತಾ?

ಜಯನಗರ ಜೋಡಿ:
ಅವರು ಬಾಡಿಗೆಗೆ ಬಿಡ್ತೀನಿ ಅಂತ ಎಲ್ಲಿ ಹೇಳಿದ್ರು? ನಿಮ್ಮ ಗಾಡಿ ಓಡಿಸೋರಿಗೆಲ್ಲ ಬ್ಯಾಡ್ಜ್, ಅಂದ್ರೆ ಬಾಡಿಗೆ ಗಾಡಿ ಓಡಿಸೋ ಅನುಮತಿ, ಇದೆಯಾ ಮೊದಲು ಹೇಳಿ.

ಹಳದಿ ಬೋರ್ಡ್ ಗೌಡ:
ಮೇಡಂ, 7,500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ ಸಂವಿಧಾನ ಪೀಠವೇ 2024ರ ನವೆಂಬರಲ್ಲಿ ಹೇಳಿದೆ. ಬ್ಯಾಡ್ಜ್ ವಿಷಯ ಎತ್ತಿ ನನ್ನನ್ನ ಕಳ್ಳನ ಥರ ಮಾತಾಡಿಸಬೇಡಿ. 22 ವರ್ಷದಿಂದ ಸ್ಟೇರಿಂಗ್ ಹಿಡಿದಿದೀನಿ.

ವಿಜಯನಗರ ವ್ಯಾನ್:
ದಯವಿಟ್ಟು ಜಗಳ ಬೇಡ. ನಾನು ಬಾಡಿಗೆಗೆ ಬಿಡಲ್ಲ. ನನ್ನ ಆರ್‌ಸಿಯಲ್ಲೂ ಇನ್ನೂ 12 ಸೀಟೇ ಇದೆ. 9ನೇ ತಾರೀಖಿನೊಳಗೆ ಅದು ಬದಲಾಗಲ್ಲ ಅನ್ಸುತ್ತೆ. ಅಲ್ಲಿ ತನಕ?

ಜಯನಗರ ಜೋಡಿ:
ಪಾಲಿಸಿ ಮಾತ್ರ ತಪ್ಪಿಸಬೇಡಿ. ಥರ್ಡ್ ಪಾರ್ಟಿ ಇಲ್ಲದೆ ರಸ್ತೆಗೆ ಇಳಿಸೋ ಹಾಗೇ ಇಲ್ಲ. ಒಳಗಿನ ಕೆಲಸದ ಫೋಟೋ, ಬಿಲ್ ಎಲ್ಲ ಹಾಕಿ ಕಂಪನಿಗೆ ಈಗಲೇ ಇಮೇಲ್ ಮಾಡಿ, ಉತ್ತರ ಬರವಣಿಗೆಯಲ್ಲೇ ಕೇಳಿ. ಏಜೆಂಟ್ ಬಾಯಿಮಾತು ಬೇಡ. ಆರ್‌ಸಿ ಸರಿ ಆಗೋ ತನಕ ಅಪ್ಪ ಅಮ್ಮನ್ನ ಕೂರಿಸ್ಕೊಂಡು ದೂರ ಹೋಗಬೇಡಿ. ನಿಮ್ಮ ಗಾಡಿಗೆ 5 ವರ್ಷ ದಾಟಿದೆ, ಐಡಿವಿ, ಅಂದ್ರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟೋ ಬೆಲೆ, ಮಾತುಕತೆ ಮೇಲೆ ನಿಲ್ಲುತ್ತೆ. ಅವರು ಹೇಳಿದ ಮೊದಲನೇ ಅಂಕಿಗೆ ಒಪ್ಪಬೇಡಿ.
ಕೆಂಗೇರಿಯವರೇ, ನಿಮ್ಮ ರಿಜೆಕ್ಷನ್ ಲೆಟರ್ ಯಾವಾಗ ಬಂತು? ಕಂಪನಿ ಮೇಲಿನ ದೂರು ಕೇಳೋ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಹೋದ್ರಾ?

ಕೆಂಗೇರಿ ಅಲೆಮಾರಿ:
ಹನ್ನೊಂದು ತಿಂಗಳಾಯ್ತು. ಕಂಪನಿಗೆ ಎರಡು ಸಲ ಬರೆದೆ, ಅದೇ ಉತ್ತರ. ಲಾಯರ್ 40,000 ಕೇಳಿದ್ರು, ಸುಮ್ಮನಾದೆ.

ಜಯನಗರ ಜೋಡಿ:
ಅಯ್ಯೋ, ಒಂದು ವರ್ಷದೊಳಗೆ ಅಲ್ಲಿ ದೂರು ಕೊಡಬೇಕು ಸಾರ್! ಲಾಯರ್ ಬೇಡ, ಫೀಸೂ ಇಲ್ಲ. ಜೆ.ಪಿ. ನಗರ ಮೊದಲನೇ ಹಂತ, ಜೀವನ್ ಸೌಧದಲ್ಲಿ ಆಫೀಸ್. ಗುದ್ದಿದ್ದು ಲಾರಿ. ಅಪಘಾತ ಆಗಿದ್ದು ಒಳಗೆ ಮಂಚ ಇದ್ದಿದ್ದಕ್ಕಲ್ಲ ಅನ್ನೋದನ್ನೇ ಮೊದಲು ಬರೀರಿ. ಪೂರ್ತಿ ಅಲ್ಲದಿದ್ರೂ ನಾನ್-ಸ್ಟ್ಯಾಂಡರ್ಡ್ (ಷರತ್ತು ಮುರಿದಿದ್ರೂ ಒಂದು ಪಾಲು ಕೊಡೋ) ಕ್ಲೇಮ್ ಅಂತ ನೂರಕ್ಕೆ 75ರ ತನಕ ಕೊಡಿಸಿರೋ ತೀರ್ಪುಗಳಿವೆ, ಅದನ್ನೂ ಕೇಳಿ.

ಕೆಂಗೇರಿ ಅಲೆಮಾರಿ:
ಲೆಟರ್ ಈಗ ತೆಗೆದು ನೋಡಿದೆ. ಇನ್ನು 19 ದಿನ ಇದೆ. ನಾಳೆ ಬೆಳಗ್ಗೆ ಹತ್ತಕ್ಕೆ ಅಲ್ಲಿರ್ತೀನಿ. ಮೇಡಂ, ಸರ್ವೇ ರಿಪೋರ್ಟ್ ಒರಿಜಿನಲ್ ಕೊಡಬೇಕಾ, ಜೆರಾಕ್ಸ್ ನಡೆಯುತ್ತಾ?