ಸಹಾಯ ಬೇಕು: ಒಂಬತ್ತನೇ ಕ್ಲಾಸಿನವರಿಗೆ ಮನಃಶಾಸ್ತ್ರ

ನಮಸ್ಕಾರ. ಬಸವನಗುಡಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶನಿವಾರ ಒಂದು ಪೀರಿಯಡ್ ಮನಃಶಾಸ್ತ್ರಕ್ಕೆ ಸಿಕ್ಕಿದೆ.

ಹೋದ ವಾರ ಹಸಿರು ಸ್ಕೆಚ್ ಪೆನ್ನಿನಲ್ಲಿ 'ಕೆಂಪು' ಅಂತ ಬರೆದು, ಪದ ಓದಬೇಡಿ, ಬಣ್ಣ ಹೇಳಿ ಅಂದೆ. ಪಟಪಟ ಓದುವ ಹುಡುಗಿಯೇ 'ಕೆಂ... ಅಲ್ಲ ಅಲ್ಲ, ಹಸಿರು' ಅಂತ ತಡವರಿಸಿದಳು. ಕ್ಲಾಸೆಲ್ಲ ನಗು! 1935ರಲ್ಲಿ ಸ್ಟ್ರೂಪ್ ಎಂಬ ಮನಃಶಾಸ್ತ್ರಜ್ಞ ಪ್ರಕಟಿಸಿದ ಪ್ರಯೋಗ ಇದು. ಓದುವುದು ಎಷ್ಟು ರೂಢಿಯಾಗಿದೆ ಅಂದರೆ, ಸುಮ್ನಿರು ಅಂದರೂ ಮೆದುಳು ಕೇಳುವುದಿಲ್ಲ. ಊಟದ ಜೊತೆ ಕೇಳಿ ರೂಢಿಯಾದ ಸದ್ದಿಗೇ ಜೊಲ್ಲು ಸುರಿಸುತ್ತಿದ್ದ ಪಾವ್ಲೋವ್‌ನ ನಾಯಿ ಕಥೆಗೆ ನಮ್ಮ ಊಟದ ಬೆಲ್ಲೇ ಸಾಕು, ಅಲ್ವಾ?

ಮುಂದಿನದು ನೆನಪು, ಮರೆವು. ಜಾಸ್ತಿ ಖರ್ಚಿಲ್ಲದ ಚಟುವಟಿಕೆ ಗೊತ್ತಿದ್ದರೆ ತಿಳಿಸಿ. ಕನ್ನಡದಲ್ಲೇ ಇದ್ದರೆ ಒಳ್ಳೆಯದು. ನಿಮ್ಹಾನ್ಸ್‌ನಲ್ಲಿ ಓದಿದವರು ಯಾರಾದರೂ ಒಂದು ಗಂಟೆ ಬಂದು ಮಾತಾಡುತ್ತೀರಾ? ಫಿಲ್ಟರ್ ಕಾಫಿ ನನ್ನದು. 'ನಮ್ಮ ಮನಸ್ಸು ಓದ್ತೀರಾ?' ಅಂತ ಮಕ್ಕಳು ಖಂಡಿತ ಕೇಳುತ್ತಾರೆ, ರೆಡಿಯಾಗಿ ಬನ್ನಿ.