ಸಿ ಕಲಿಯಲು ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ತೀರ್ಥಹಳ್ಳಿಯ ಬಿಸಿಎ ವಿದ್ಯಾರ್ಥಿನಿ

ಪಿಯುಸಿಯಲ್ಲಿ ವಾಣಿಜ್ಯ ಓದಿ ಬಿಸಿಎ ಸೇರಿದ್ದೇನೆ. ಸಿ ಪ್ರೋಗ್ರಾಮಿಂಗ್ ನನಗೆ ಹೊಸದು. ಮನೆಯಲ್ಲಿ ಅದನ್ನು ಬಲ್ಲವರು ಯಾರೂ ಇಲ್ಲ. ಹಾಸ್ಟೆಲಿನ ಅಕ್ಕಂದಿರು ಕೇಳಿದ ತಕ್ಷಣ ಪೂರ್ತಿ ಪ್ರೋಗ್ರಾಂ ಬರೆದುಕೊಡುತ್ತಾರೆ. ಅದರಿಂದ ಲ್ಯಾಬ್ ರೆಕಾರ್ಡೇನೋ ತುಂಬುತ್ತದೆ, ಆದರೆ ಖಾಲಿ ಪರದೆಯ ಮುಂದೆ ಒಬ್ಬಳೇ ಕುಳಿತರೆ ಎರಡನೆಯ ಸಾಲು ಹೊಳೆಯುವುದಿಲ್ಲ. ಇತರರ ನೆರವಿನಿಂದ ಸಿ ಕಲಿತವರು, ಕಲಿಸಿದವರು ತಮ್ಮ ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ಶಿವಮೊಗ್ಗದಿಂದ, ಕಾಲೇಜು ಲ್ಯಾಬಿನಲ್ಲಿ ಪಾಠ ಹೇಳುವವರು

ಅಕ್ಕಂದಿರನ್ನು ಕೇಳುವುದನ್ನು ಬಿಡಬೇಕಿಲ್ಲ. ಕೇಳುವ ವಿಷಯವನ್ನು ಬದಲಿಸಿಕೊಳ್ಳಿ. "ಇದನ್ನು ಬರೆದುಕೊಡಿ" ಎನ್ನುವ ಬದಲು, ನೀವೇ ಬರೆದ ಅರೆಬರೆ ಪ್ರೋಗ್ರಾಂ ತೋರಿಸಿ, "ಇಲ್ಲಿ 10 ಬರಬೇಕಿತ್ತು, 0 ಬರುತ್ತಿದೆ, ಏಕೆ?" ಎಂದು ಕೇಳಿ. ಕೀಬೋರ್ಡ್ ನಿಮ್ಮ ಕೈಯಲ್ಲೇ ಇರಲಿ. ಲ್ಯಾಬಿನಲ್ಲಿ ನಾನು ಕಂಡಂತೆ, ಸಹಾಯ ಮಾಡುವವರು ಕುರ್ಚಿ ಎಳೆದುಕೊಂಡು ತಾವೇ ಟೈಪ್ ಮಾಡತೊಡಗಿದರೆಂದರೆ ಕಲಿಯುವವರ ಗಮನ ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು, ಯಾರನ್ನಾದರೂ ಕೇಳುವ ಮುನ್ನ ಕಂಪೈಲರ್ (ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) ಏನು ಹೇಳುತ್ತಿದೆ ಎಂಬುದನ್ನು ಪೂರ್ತಿ ಓದಬೇಕು. ಜಿಸಿಸಿ ಎಂಬ ಕಂಪೈಲರ್ ಬಳಸುವವರು ಕಂಪೈಲ್ ಮಾಡುವಾಗ 'ವಾಲ್' ಎಂಬ ಆಯ್ಕೆಯನ್ನು, ಅಂದರೆ ಅಡ್ಡಗೆರೆಯ ನಂತರ ದೊಡ್ಡಕ್ಷರದ ಡಬ್ಲ್ಯು, ಆಮೇಲೆ ಸಣ್ಣಕ್ಷರದ ಎ, ಎಲ್, ಎಲ್ ಇವನ್ನು ತಪ್ಪದೆ ಸೇರಿಸಿ. ಕೀಬೋರ್ಡಿನಿಂದ ಬೆಲೆ ಓದಿಸುವ ಸ್ಕ್ಯಾನ್‌ಎಫ್‌ನಲ್ಲಿ ಚರಾಕ್ಷರದ (ಬೆಲೆ ಇಡುವ ಜಾಗದ ಹೆಸರಿನ) ಮೊದಲು & ಚಿಹ್ನೆ ಬಿಟ್ಟುಹೋಗುವುದು ಮೊದಲ ಸೆಮಿಸ್ಟರಿನಲ್ಲಿ ಎಲ್ಲರಿಗೂ ಆಗುವಂಥದ್ದು. ಆ ಚಿಹ್ನೆ ಇಲ್ಲದಿದ್ದರೆ ಚರಾಕ್ಷರದಲ್ಲಿ ಆ ಹೊತ್ತಿಗೆ ಯಾವ ಕಸದ ಬೆಲೆ ಇದೆಯೋ ಅದನ್ನೇ ಮೆಮೊರಿಯ ವಿಳಾಸವೆಂದು ತಿಳಿದು ಪ್ರೋಗ್ರಾಂ ಅಲ್ಲಿಗೆ ಬರೆಯಲು ಹೋಗುತ್ತದೆ, ಬಹಳ ಸಲ 'ಸೆಗ್ಮೆಂಟೇಶನ್ ಫಾಲ್ಟ್' ಎಂದು ನಿಂತುಬಿಡುತ್ತದೆ. ಈ ಆಯ್ಕೆ ಹಾಕಿದ್ದರೆ ಕಂಪೈಲರ್ ಅದನ್ನು ಮೊದಲೇ ಎಚ್ಚರಿಸುತ್ತದೆ. ದೋಷಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಮೊದಲನೆಯದನ್ನು ಮಾತ್ರ ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ; ಉಳಿದವುಗಳಲ್ಲಿ ಹೆಚ್ಚಿನವು ಅದರ ಬೆನ್ನು ಹಿಡಿದು ಬಂದವಾಗಿರುತ್ತವೆ.

ಸಾಗರದಿಂದ, ಕೆಲಸ ಮಾಡುತ್ತಲೇ ಸಿ ಕಲಿತವರು

ತಂಗಿ, ನಿಮ್ಮ ಲ್ಯಾಬಿನಲ್ಲಿ ಯಾವ ಕಂಪೈಲರ್ ಇದೆ ಎಂದು ಬರೆದಿಲ್ಲ. ಸಹಾಯ ಕೇಳುವಾಗ ಅದನ್ನು ಮೊದಲು ಹೇಳಬೇಕು. ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಸಿ ಎಂಬ ಕಂಪೈಲರ್ 1987ರಲ್ಲಿ ಬಂದದ್ದು. ಅದರಲ್ಲಿ ಇಂಟ್ (ಪೂರ್ಣಾಂಕ ಇಡುವ ಬಗೆ) ಎಂದರೆ 16 ಬಿಟ್, ಹಿಡಿಸುವ ದೊಡ್ಡ ಸಂಖ್ಯೆ 32,767. ನಮ್ಮ ಕಡೆಯವರಿಗೆ ಸುಲಭವಾಗಿ ಹೊಳೆಯುವ ಲೆಕ್ಕವೆಂದರೆ ಅಡಿಕೆಯದು. ಕ್ವಿಂಟಲ್ ರಾಶಿ ಅಡಿಕೆಗೆ 45,000 ರೂಪಾಯಿ ಎಂದು ಇಂಟ್‌ನಲ್ಲಿಟ್ಟು ಟರ್ಬೊ ಸಿಯಲ್ಲಿ ಮುದ್ರಿಸಿದರೆ -20536 ಎಂದು ಬರುತ್ತದೆ. ಇವತ್ತಿನ ಜಿಸಿಸಿಯಲ್ಲಿ ಸಾಮಾನ್ಯವಾಗಿ ಇಂಟ್ 32 ಬಿಟ್ ಇರುವುದರಿಂದ ಅದೇ ಪ್ರೋಗ್ರಾಂ 45000 ಎಂದೇ ತೋರಿಸುತ್ತದೆ. ಕಂಪೈಲರ್ ಹೆಸರು ಹೇಳದೆ ಕೇಳಿದರೆ ಉತ್ತರಿಸುವವರು "ನನ್ನಲ್ಲಿ ಸರಿಯಾಗಿಯೇ ಬರುತ್ತಿದೆಯಲ್ಲ" ಎನ್ನುತ್ತಾರೆ, ಇಬ್ಬರಿಗೂ ತಲೆಬಿಸಿ.

ಅಡಿಕೆಯ ಲೆಕ್ಕದಲ್ಲೇ ಇನ್ನೊಂದು. ಮೂರು ಚೀಲಗಳ ತೂಕ 65, 66, 66 ಕಿಲೋ, ಒಟ್ಟು 197. ಇದನ್ನು 3ರಿಂದ ಭಾಗಿಸಿ ಉತ್ತರವನ್ನು ಫ್ಲೋಟ್‌ನಲ್ಲಿ (ದಶಾಂಶ ಸಂಖ್ಯೆ ಇಡುವ ಬಗೆಯಲ್ಲಿ) ಇಟ್ಟರೂ 65.000000 ಎಂದೇ ಬರುತ್ತದೆ, ಏಕೆಂದರೆ ಎರಡೂ ಕಡೆ ಪೂರ್ಣಾಂಕಗಳಿದ್ದಾಗ ಭಾಗಾಕಾರವೇ ಪೂರ್ಣಾಂಕದಲ್ಲಿ ಮುಗಿದು, ಶೇಷ ಬಿದ್ದುಹೋದ ಮೇಲೆ ಫ್ಲೋಟ್‌ಗೆ ತಲುಪುತ್ತದೆ. 3ರ ಬದಲು 3.0 ಎಂದು ಬರೆದರೆ ಸರಿಹೋಗುತ್ತದೆ. ಪಠ್ಯದ ಲೆಕ್ಕಗಳ ಜೊತೆಗೆ ಮನೆಯ ಲೆಕ್ಕವೊಂದನ್ನೂ ಬರೆಯಿರಿ ಎಂದು ನಾನು ಹೇಳುವುದು ಇದಕ್ಕೇ: ಉತ್ತರ ಎಷ್ಟಿರಬೇಕೆಂದು ಮೊದಲೇ ಗೊತ್ತಿದ್ದರೆ ತಪ್ಪು ಕಣ್ಣಿಗೆ ಬೀಳುತ್ತದೆ.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರಿನವರು ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಆ್ಯಪ್ ಹಾಕಿಕೊಂಡು, ನೆಟ್ ಇರುವಾಗಲೇ ಅದರೊಳಗೆ ಕ್ಲ್ಯಾಂಗ್ ಕಂಪೈಲರ್ ಇಳಿಸಿಟ್ಟುಕೊಳ್ಳಬಹುದು. ಆಮೇಲೆ ನೆಟ್ ಬೇಕಾಗುವುದಿಲ್ಲ.

ಹೊಸನಗರದಿಂದ, ಹಾಲಿ ವಿದ್ಯಾರ್ಥಿ

ಕಂಪೈಲರ್ ಎಚ್ಚರಿಕೆಯ ಬಗ್ಗೆ ಶಿವಮೊಗ್ಗದ ಗುರುಗಳು ಹೇಳಿದ್ದು ಸರಿ, ಆದರೆ ಹೊಸಬರು ಅದೊಂದನ್ನೇ ನಂಬಿ ಕೂರುವುದು ಸರಿಯಲ್ಲ ಎಂದು ನನ್ನ ಅನಿಸಿಕೆ. ಐದು ಸ್ಥಾನಗಳ ಅರೇಗೆ (ಒಂದೇ ಹೆಸರಿನಡಿ ಸಾಲಾಗಿ ಇಟ್ಟ ಬೆಲೆಗಳಿಗೆ) ಸ್ಥಾನಸಂಖ್ಯೆ 0ಯಿಂದ 4ರವರೆಗೆ ಮಾತ್ರ. ಮತ್ತೆ ಮತ್ತೆ ನಡೆಯುವ ಲೂಪಿನ ಷರತ್ತಿನಲ್ಲಿ < ಇರಬೇಕಾದಲ್ಲಿ <= ಬರೆದು ಇಲ್ಲದ ಸ್ಥಾನಸಂಖ್ಯೆ 5ಕ್ಕೂ ಬೆಲೆ ಹಾಕಿದರೆ ಕಂಪೈಲರ್ ಎಷ್ಟೋ ಸಲ ತುಟಿ ಪಿಟಕ್ಕೆನ್ನುವುದಿಲ್ಲ; ಪ್ರೋಗ್ರಾಂ ಒಂದು ಯಂತ್ರದಲ್ಲಿ ಸರಿಯಾಗಿ ಓಡಿ ಇನ್ನೊಂದರಲ್ಲಿ ಕೆಡಬಹುದು. ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಈ ಭಾಷೆಯಲ್ಲೇ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಮತ್ತೆ ಬರೆಯಲಾಯಿತು. ಅಂಥ ಕೆಲಸಕ್ಕೆ ವೇಗ ಬೇಕು. ಹಾಗಾಗಿ ಅರೇಯ ಅಂಚು ಕಾಯುವ ಹೊಣೆ ಬರೆಯುವವರ ಮೇಲೆಯೇ ಉಳಿದಿದೆ.

ಇದಕ್ಕೆ ನಮಗೆ ಒದಗಿದ್ದು ಕಾಗದ ಮತ್ತು ಪೆನ್ಸಿಲ್. ನಾನೂ ಗೆಳೆಯನೂ ಜೊತೆಗೆ ಕುಳಿತು ಚರಾಕ್ಷರಗಳಿಗೆ ಒಂದೊಂದು ಕಂಬಸಾಲು ಎಳೆಯುತ್ತೇವೆ. ಅವನು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಾನೆ, ನಾನು ಹಳೆಯ ಬೆಲೆ ಹೊಡೆದುಹಾಕಿ ಹೊಸದನ್ನು ಬರೆಯುತ್ತೇನೆ. 1ರಿಂದ 4ರವರೆಗಿನ ಮೊತ್ತವಾದರೆ ಮೊತ್ತದ ಕಂಬದಲ್ಲಿ 0, 1, 3, 6, 10 ಎಂದು ಇಳಿಯಬೇಕು. ಆರಂಭದ 0 ಬರೆಯಲು ಪ್ರೋಗ್ರಾಮಿನಲ್ಲಿ ಸಾಲೇ ಇಲ್ಲದಿದ್ದರೆ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಜೊತೆಗಿರುವವರು ನಮಗಿಂತ ಹೆಚ್ಚು ತಿಳಿದವರೇ ಆಗಬೇಕಿಲ್ಲ.

ಎಐ ಚಾಟ್‌ಬಾಟ್ ಕೇಳುವುದಾದರೂ ನಿಮ್ಮ ಅಕ್ಕಂದಿರದೇ ಕಥೆ: ಕೇಳಿದೊಡನೆ ಪೂರ್ತಿ ಪ್ರೋಗ್ರಾಂ ಕೊಟ್ಟುಬಿಡುತ್ತದೆ. "ಕೋಡ್ ಬರೆಯಬೇಡ, ನನ್ನ ತಪ್ಪು ಯಾವ ಸಾಲಿನಲ್ಲಿದೆ ಎಂದಷ್ಟೇ ಹೇಳು" ಎಂದು ಮೊದಲೇ ಕಟ್ಟು ಹಾಕಿ.

ಶೃಂಗೇರಿಯಿಂದ ಒಬ್ಬರು

ಮೇಲಿನವರು ಬಿಟ್ಟ ಒಂದು ವಿಷಯವನ್ನಷ್ಟೇ ಸೇರಿಸುತ್ತೇನೆ. ಸಂಖ್ಯೆಯೊಂದನ್ನು ಓದಿಸಿದ ನಂತರ "ಮುಂದುವರಿಸಬೇಕೇ, ಹೌದು ಅಥವಾ ಇಲ್ಲ" ಎಂದು ಒಂದು ಅಕ್ಷರ ಕೇಳುವ ಪ್ರೋಗ್ರಾಂ, ಉತ್ತರಕ್ಕೆ ಕಾಯದೆ ಮುಂದೆ ಹಾರಿದರೆ ಗಾಬರಿಯಾಗಬೇಡಿ. ಸಂಖ್ಯೆಯ ನಂತರ ಒತ್ತಿದ ಎಂಟರ್ ಇನ್‌ಪುಟ್‌ನಲ್ಲಿ ಉಳಿದಿರುತ್ತದೆ, ಎರಡನೆಯ ಸ್ಕ್ಯಾನ್‌ಎಫ್ ಅದನ್ನೇ ಅಕ್ಷರವೆಂದು ಎತ್ತಿಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗೆ ಶೇಕಡಾ ಸಿ (%c, ಒಂದು ಅಕ್ಷರ ಓದು ಎಂಬ ಸೂಚನೆ) ಬರೆಯುವ ಮುನ್ನ ಒಂದು ಖಾಲಿ ಜಾಗ ಬಿಟ್ಟರೆ ಸಾಕು.